ಆರು ರೂಪಾಯಿ ಟಿಕೆಟ್‌ಗೆ ಒಪ್ಪಿಗೆ ಕೊಟ್ಟವರು ಯಾರು?

ಬೆಂಗಳೂರಿನ ಸಾದಾ ಬಸ್ಸಿನಲ್ಲಿ ಮೊದಲ ಸ್ಟೇಜ್‌ಗೆ, ಅಂದರೆ ಎರಡು ಕಿಲೋಮೀಟರಿಗೆ, ಮೊದಲು ಐದು ರೂಪಾಯಿ ಇತ್ತು. ಒಂದು ನಾಣ್ಯ ಕೊಟ್ಟರೆ ಮುಗೀತು. 2025ರ ಜನವರಿ 5ರಿಂದ ಅದು ಆರಾಯಿತು. ಹತ್ತರ ನೋಟು ಕೊಟ್ಟರೆ ಕಂಡಕ್ಟರ್ ಟಿಕೆಟ್ ಹಿಂದೆ ಪೆನ್ನಿನಲ್ಲಿ ‘4’ ಅಂತ ಗೀಚಿ, ‘ಇಳಿಯುವಾಗ ಇಸ್ಕೊಳ್ಳಿ’ ಅನ್ನುತ್ತಾರೆ. ಎಷ್ಟೋ ಸಲ ನಾವು ಮರೆತೇ ಇಳಿದುಬಿಡುತ್ತೇವೆ.

ಈ ಒಂದು ರೂಪಾಯಿ ಏರಿಸಿದ್ದು ಯಾರು? ಜನವರಿ 2ರಂದು ರಾಜ್ಯ ಸಚಿವ ಸಂಪುಟ ನಾಲ್ಕೂ ಸಾರಿಗೆ ನಿಗಮಗಳ ದರವನ್ನು 15% ಏರಿಸಲು ಒಪ್ಪಿತು. ಮೂರೇ ದಿನದಲ್ಲಿ ಜಾರಿ. ಟಿಕೆಟ್ ಕೊಳ್ಳುವವರನ್ನು ಕರೆದು ಕೇಳುವ ಸಭೆ ನಡೆಯಲಿಲ್ಲ. ಇದು ಕಾನೂನಿಗೆ ವಿರುದ್ಧವೇನೂ ಅಲ್ಲ. ಕಾನೂನು ಇರುವುದೇ ಹಾಗೆ. ಯಾಕೆ ಹಾಗಿದೆ ಅನ್ನೋದಕ್ಕೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಚಿಂತೆ ಇದ್ದದ್ದು ಪ್ರಯಾಣಿಕರದ್ದಲ್ಲ, ರೈಲಿನದ್ದು. 1930ರ ದಶಕದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಸ್ಸುಗಳು ರೈಲಿನ ಗಿರಾಕಿಗಳನ್ನು ಎಳೆದುಕೊಳ್ಳತೊಡಗಿದವು. ರೈಲಿನಲ್ಲಿ ಸರ್ಕಾರದ ದುಡ್ಡು ಹೂಡಿತ್ತಲ್ಲ, ಕಸಿವಿಸಿ ಶುರುವಾಯಿತು. ರಸ್ತೆ-ರೈಲು ಪೈಪೋಟಿ ಬಗ್ಗೆ 1933ರಲ್ಲಿ ಮಿಚೆಲ್-ಕರ್ಕ್‌ನೆಸ್ ವರದಿ ಬಂತು. 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಬಸ್ ಓಡಿಸಬೇಕಾದರೆ ರೂಟ್ ಪರ್ಮಿಟ್ ಬೇಕು, ಅದನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಕೊಡಬೇಕು ಅನ್ನುವ ಏರ್ಪಾಡು ಗಟ್ಟಿಯಾಗಿದ್ದು ಇದರಿಂದ. ಹೊಸಬರು ಪರ್ಮಿಟ್ ಕೇಳಿದರೆ ಅರ್ಜಿಯನ್ನು ಪ್ರಕಟಿಸಬೇಕು. ಅದೇ ರೂಟಿನಲ್ಲಿ ಆಗಲೇ ಓಡಿಸುತ್ತಿರುವ ಮಾಲೀಕರು ತಕರಾರು ಹೇಳಬಹುದು. ಅಂದರೆ ದೂರು ಕೇಳುವ ಕಿವಿ ಇತ್ತು. ಅದು ತಿರುಗಿದ್ದು ಮಾಲೀಕರ ಕಡೆಗೆ.

ಸ್ವಾತಂತ್ರ್ಯ ಬಂದಮೇಲೆ ಸರ್ಕಾರವೇ ಬಸ್ಸಿಗಿಳಿಯಿತು. ನಮ್ಮಲ್ಲಿ 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಈ ನಡುವೆ, 1956ರಲ್ಲಿ, ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಸರ್ಕಾರಿ ಸಾರಿಗೆ ಸಂಸ್ಥೆ ‘ಸ್ಕೀಮ್’ ಪ್ರಕಟಿಸಿ, ಇಂತಿಂಥ ರೂಟುಗಳಲ್ಲಿ ಇನ್ನು ತನ್ನ ಬಸ್ಸುಗಳೇ ಅನ್ನಬಹುದು. ಆದರೆ ಆಕ್ಷೇಪಣೆಗಳನ್ನು ಕೇಳಿಯೇ ಸ್ಕೀಮಿಗೆ ಒಪ್ಪಿಗೆ ಕೊಡಬೇಕು.

ಜಗಳ ಶುರುವಾಗಿದ್ದೇ ಇಲ್ಲಿ. ಪಕ್ಕದ ಆಂಧ್ರದಲ್ಲಿ ಮಾಲೀಕರ ಆಕ್ಷೇಪಣೆಗಳನ್ನು ಕೂತು ಕೇಳಿದ್ದು ಸಾರಿಗೆ ಇಲಾಖೆಯ ಕಾರ್ಯದರ್ಶಿ, ತೀರ್ಮಾನ ಕೊಟ್ಟಿದ್ದು ಮುಖ್ಯಮಂತ್ರಿ. ಗುಳ್ಳಪಲ್ಲಿ ನಾಗೇಶ್ವರ ರಾವ್ ಮತ್ತಿತರ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬರು ಕೇಳಿ ಇನ್ನೊಬ್ಬರು ತೀರ್ಪು ಕೊಟ್ಟರೆ ಅದು ವಿಚಾರಣೆಯೇ ಅಲ್ಲ ಅಂತ ಕೋರ್ಟ್ 1958ರಲ್ಲಿ ಹೇಳಿತು. ಕಾನೂನು ಓದುವವರು ಇವತ್ತಿಗೂ ಬಾಯಿಪಾಠ ಮಾಡುವ ಈ ತತ್ವ ಹುಟ್ಟಿದ್ದು ಬಸ್ ರೂಟಿನ ಜಗಳದಲ್ಲಿ! ನಮ್ಮ ಆನೇಕಲ್ ಕಡೆಯ ರೂಟುಗಳ ಸ್ಕೀಮೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಅಲ್ಲಿ ಆಕ್ಷೇಪಣೆ ಕೇಳಿದ್ದೂ ಮುಖ್ಯಮಂತ್ರಿಯೇ, ನಿರ್ಧರಿಸಿದ್ದೂ ಅವರೇ. 1960ರಲ್ಲಿ ಆ ಸ್ಕೀಮ್ ಉಳಿದುಕೊಂಡಿತು.

ಈ ಕೋರ್ಟು ಕಚೇರಿ ಅಲೆದವರೆಲ್ಲ ಬಸ್ ಮಾಲೀಕರು. ಅವರ ಹೊಟ್ಟೆಪಾಡು, ಅಲೆದರು, ತಪ್ಪಿಲ್ಲ. ಬಸ್ ಸ್ಟಾಪಿನಲ್ಲಿ ನಿಂತವರ ಪರವಾಗಿ ಯಾರಾದರೂ ವಾದ ಮಾಡಿದರಾ ಅಂತ ಹುಡುಕಿದರೆ ಕೈಗೆ ಸಿಗುವುದು ಕಡಿಮೆ.

1988ರಲ್ಲಿ ಹೊಸ ಕಾಯ್ದೆ ಬಂದಾಗ ಒಂದು ತಿರುವು ಸಿಕ್ಕಿತು. ಪರ್ಮಿಟ್ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನಬಾರದು ಎಂದಿತು ಅದು. ಪೈಪೋಟಿಗೆ ಬಂದವರಿಗೆ ಪರ್ಮಿಟ್ ಕೊಡಬೇಡಿ ಅಂತ ಹಳೇ ಮಾಲೀಕರು ಅಡ್ಡಹಾಕುವಂತಿಲ್ಲ ಅಂತ 1991ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಸ್ಕೀಮಿನ ವಿಷಯದಲ್ಲಿ ಮಾತ್ರ ‘ಯಾರು ಬೇಕಾದರೂ’ 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಸ್ಕೀಮ್ ಪ್ರಕಟವಾಗುವುದು ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲಿ ಮತ್ತು ಗೆಜೆಟ್‌ನಲ್ಲಿ. ಬಸ್ಸಿಗೆ ಕಾಯುತ್ತಾ ಗೆಜೆಟ್ ಓದುವವರನ್ನು ನಾನಂತೂ ನೋಡಿಲ್ಲ.

ದರದ ಕಥೆ ಇನ್ನೂ ಚಿಕ್ಕದು. ಅದೇ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ದರ ನಿಗದಿ ಬಗ್ಗೆ ರಾಜ್ಯ ಸರ್ಕಾರ ನಿರ್ದೇಶನ ಕೊಡಬಹುದು. ಅಷ್ಟೇ. ಇಷ್ಟು ದಿನಕ್ಕೊಮ್ಮೆ ಪರಿಶೀಲಿಸಬೇಕು ಅಂತ ಅಲ್ಲಿಲ್ಲ. ಇನ್ನು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಒಂದು ಕಡೆ ನಿಗಮ ವ್ಯವಹಾರದ ಲೆಕ್ಕದಲ್ಲಿ ನಡೆಯಬೇಕು ಅನ್ನುತ್ತದೆ, ಇನ್ನೊಂದು ಕಡೆ ಸರ್ಕಾರ ಹೇಳಿದ ಹಾಗೆ ಕೇಳಬೇಕು ಅನ್ನುತ್ತದೆ. ಡೀಸೆಲ್ ಬಿಲ್ಲು ಕಟ್ಟುವವರು ಒಬ್ಬರು, ವೋಟಿನ ಲೆಕ್ಕ ಹಾಕುವವರು ಇನ್ನೊಬ್ಬರು. ಹಾಗಾಗಿ ದರ ವರ್ಷಗಟ್ಟಲೆ ಅಲ್ಲಾಡುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. 2015ರ ಜನವರಿಯಲ್ಲಿ ಡೀಸೆಲ್ ಅಗ್ಗವಾದಾಗ ಬಿಎಂಟಿಸಿ ದರ ಸುಮಾರು 2% ಇಳಿದಿತ್ತು. ಅಲ್ಲಿಂದ ಹತ್ತು ವರ್ಷ ಏರಿಕೆ ಇಲ್ಲ. ಕೆಎಸ್‌ಆರ್‌ಟಿಸಿಯಲ್ಲಿ 2020ರ ಫೆಬ್ರವರಿಯಲ್ಲಿ 12% ಏರಿತ್ತು. ಆಮೇಲೆ ಬಂದದ್ದೇ ಈ 15%.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಮೇಲೆ ಲೆಕ್ಕಕ್ಕೆ ಇನ್ನೊಂದು ಎಳೆ ಸೇರಿದೆ. ಮಹಿಳೆಯರಿಗೆ ಸಿಗುವ ಶೂನ್ಯ ಟಿಕೆಟ್‌ನ ಹಣವನ್ನು ನಿಗಮಕ್ಕೆ ತುಂಬಿಕೊಡಬೇಕಾದ್ದು ಸರ್ಕಾರ. ಹಾಗಾಗಿ ದರ ಏರಿಸಲು ಒಪ್ಪಿದವರೇ ತಮ್ಮ ಬಿಲ್ಲನ್ನೂ ಏರಿಸಿಕೊಂಡ ಹಾಗಾಯಿತು.

ಇನ್ನು ರೂಟ್ ಬದಲಾವಣೆ. ಸ್ಕೀಮಿಗೆ ಸೇರಿದ ಜಾಗದಲ್ಲಿ ನಿಗಮ ಒಂದು ಬಸ್ಸನ್ನು ಬೇರೆ ಕಡೆ ತಿರುಗಿಸಿದರೆ, ಟ್ರಿಪ್ ಕಡಿಮೆ ಮಾಡಿದರೆ, ಅದು ಡಿಪೊ ಮಟ್ಟದ ಶೆಡ್ಯೂಲ್ ವಿಷಯ. ಸ್ಟಾಪಿನಲ್ಲಿ ಒಂದು ಚೀಟಿಯೂ ಅಂಟಿಸಿರುವುದಿಲ್ಲ. ನಾಲ್ಕು ದಿನ ಕಾದು, ಕೊನೆಗೆ ಟೈಂಕೀಪರ್ ಹತ್ತಿರ ಕೇಳಿದರೆ ‘ಅದನ್ನ ತೆಗೆದುಬಿಟ್ಟಿದಾರೆ ಸಾರ್’ ಅನ್ನುವ ಉತ್ತರ. ಆಮೇಲೆ ಊರಿನವರೆಲ್ಲ ಸಹಿ ಹಾಕಿದ ಮನವಿ, ಶಾಸಕರ ಒಂದು ಪತ್ರ. ಕೆಲವೊಮ್ಮೆ ಬಸ್ ವಾಪಸ್ ಬರುತ್ತದೆ ಕೂಡ. ಆದರೆ ಅದು ಹಕ್ಕಲ್ಲ, ವಶೀಲಿ.

ದರವನ್ನು ರಾಜಕೀಯದಿಂದ ಬಿಡಿಸಿ ಸಮಿತಿಯ ಕೈಗೆ ಕೊಟ್ಟರೆ ಸರಿಹೋಗುತ್ತಾ? ಮೆಟ್ರೊದಲ್ಲಿ ಇರುವುದು ಅದೇ ಏರ್ಪಾಡು. 2002ರ ಮೆಟ್ರೊ ಕಾಯ್ದೆ ಪ್ರಕಾರ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರಾಗಿರುವ ದರ ನಿಗದಿ ಸಮಿತಿ ಇರುತ್ತದೆ. ಅದು ಹೇಳಿದ್ದನ್ನು ಮೆಟ್ರೊ ಆಡಳಿತ ಪಾಲಿಸಲೇಬೇಕು. ಬೆಂಗಳೂರಿನಲ್ಲಿ ಅಂಥ ಸಮಿತಿ 2024ರಲ್ಲಿ ಕೂತಿತು. ಅಕ್ಟೋಬರಿನಲ್ಲಿ ಜನರಿಂದ ಸಲಹೆ ಕೇಳಿತು. ಬಸ್ಸಿಗಿಂತ ಅಷ್ಟರಮಟ್ಟಿಗೆ ವಾಸಿ. ಡಿಸೆಂಬರಿನಲ್ಲಿ ವರದಿ ಕೊಟ್ಟಿತು.

2025ರ ಫೆಬ್ರವರಿ 9ರಂದು ಹೊಸ ದರ ಬಂತು. ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟಾಯಿತು. ಜನ ಸಿಟ್ಟಾದರು. ನಮ್ಮ ಪಾತ್ರ ಇಲ್ಲ ಅಂತ ರಾಜ್ಯ ಸರ್ಕಾರ, ಎಲ್ಲ ರಾಜ್ಯದ್ದೇ ಅಂತ ಬಿಜೆಪಿ. ಪಾಲಿಸಲೇಬೇಕು ಅಂದಿದ್ದ ದರವನ್ನು ಒಂದು ವಾರದೊಳಗೆ ಅಲ್ಲಲ್ಲಿ ಇಳಿಸಿದ್ದೂ ಆಯಿತು. ಇಷ್ಟೆಲ್ಲ ಆಗುವಾಗ ಸಮಿತಿಯ ವರದಿ ಮಾತ್ರ ಜನರ ಕೈಗೆ ಸಿಕ್ಕಿರಲಿಲ್ಲ. ವಿಷಯ ಹೈಕೋರ್ಟಿಗೆ ಹೋದಮೇಲೆ, ಸೆಪ್ಟೆಂಬರಿನಲ್ಲಿ, ಅದನ್ನು ಬಹಿರಂಗ ಮಾಡಿದರು. ಅಷ್ಟರಲ್ಲಿ ಜನ ಹೊಸ ದರ ಕೊಡಲು ಶುರುಮಾಡಿ ಏಳು ತಿಂಗಳಾಗಿತ್ತು.