ರಾಬಿನ್ಸನ್ ಅಲ್ಲದ ರಾಬಿನ್ಸನ್‌ರು

ಪ್ರಶ್ನೆ: ‘ಲಾಸ್ಟ್ ಇನ್ ಸ್ಪೇಸ್’ ಟಿವಿ ಸರಣಿಯ ಕುಟುಂಬದ ಹೆಸರು ರಾಬಿನ್ಸನ್. ‘ಸ್ವಿಸ್ ಫ್ಯಾಮಿಲಿ ರಾಬಿನ್ಸನ್’ ಎಂಬ ಹಳೆಯ ಮಕ್ಕಳ ಕಾದಂಬರಿಯ ಕುಟುಂಬದ್ದೂ ಅದೇ ಹೆಸರು. ಇದು ಕಾಕತಾಳೀಯವೋ, ಒಂದರಿಂದ ಇನ್ನೊಂದು ಹುಟ್ಟಿದ್ದೋ?

ಉತ್ತರ: ಹುಟ್ಟಿದ್ದೇ. ಆದರೆ ಕಾದಂಬರಿಯ ಕುಟುಂಬದ ಹೆಸರು ರಾಬಿನ್ಸನ್ ಅಲ್ಲ!

ಬರ್ನ್ ನಗರದ ಪಾದ್ರಿ ಯೋಹಾನ್ ಡೇವಿಡ್ ವೀಸ್ ತನ್ನ ನಾಲ್ವರು ಗಂಡುಮಕ್ಕಳಿಗಾಗಿ ಕಟ್ಟಿದ ಕಥೆ ಇದು. ಮಗ ಯೋಹಾನ್ ರುಡಾಲ್ಫ್ ಅದನ್ನು ತಿದ್ದಿ 1812ರಲ್ಲಿ ಪ್ರಕಟಿಸಿದ. ಜರ್ಮನ್ ಶೀರ್ಷಿಕೆಯ ಅರ್ಥ ‘ಸ್ವಿಸ್ ರಾಬಿನ್ಸನ್’ ಎಂದಷ್ಟೇ. ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಕೊಂಡವನ ಕಥೆ ಹೇಳುವ 1719ರ ಕಾದಂಬರಿ ‘ರಾಬಿನ್ಸನ್ ಕ್ರೂಸೋ’ ಎಷ್ಟು ಜನಪ್ರಿಯವಾಗಿತ್ತೆಂದರೆ, ದ್ವೀಪದಲ್ಲಿ ಸಿಕ್ಕಿಕೊಂಡವರೆಲ್ಲ ‘ರಾಬಿನ್ಸನ್’ಗಳೇ ಆಗಿಬಿಟ್ಟಿದ್ದರು. ನಾಗಚಂದ್ರ ‘ಅಭಿನವ ಪಂಪ’ ಎನಿಸಿಕೊಂಡ ಹಾಗೆ. ಅದನ್ನು ನೋಡಿ ಯಾರಾದರೂ ನಾಗಚಂದ್ರನ ಮನೆತನದ ಹೆಸರೇ ಪಂಪ ಅಂದುಕೊಂಡರೆ ಹೇಗಿರುತ್ತದೋ, ಇಂಗ್ಲಿಷ್ ಶೀರ್ಷಿಕೆ ಓದಿದವರಿಗೆ ಆದದ್ದೂ ಹಾಗೆಯೇ. ಮೂಲದಲ್ಲಿ ಆ ಕುಟುಂಬಕ್ಕೆ ಮನೆತನದ ಹೆಸರೇ ಇಲ್ಲ.

ಈ ತಪ್ಪು ತಿಳಿವಳಿಕೆಯೇ ಆಕಾಶಕ್ಕೂ ಏರಿತು. 1962ರಲ್ಲಿ ಅಮೆರಿಕದ ಗೋಲ್ಡ್ ಕೀ ಸಂಸ್ಥೆ ‘ಸ್ಪೇಸ್ ಫ್ಯಾಮಿಲಿ ರಾಬಿನ್ಸನ್’ ಎಂಬ ಕಾಮಿಕ್ಸ್ ಹೊರತಂದಿತು. ಮೂರು ವರ್ಷಗಳ ನಂತರ, 1965ರ ಸೆಪ್ಟೆಂಬರ್‌ನಲ್ಲಿ, ಇರ್ವಿನ್ ಆ್ಯಲನ್ ನಿರ್ಮಿಸಿದ ‘ಲಾಸ್ಟ್ ಇನ್ ಸ್ಪೇಸ್’ ಸಿಬಿಎಸ್ ವಾಹಿನಿಯಲ್ಲಿ ಶುರುವಾಯಿತು. ಎರಡರದ್ದೂ ಹೆಚ್ಚುಕಡಿಮೆ ಒಂದೇ ಕಲ್ಪನೆ. ಜಗಳ ಕೋರ್ಟು ಹತ್ತಲಿಲ್ಲ. ಬದಲಿಗೆ ಕಾಮಿಕ್ಸ್‌ನ ಮುಖಪುಟದ ಮೇಲೆ ‘ಲಾಸ್ಟ್ ಇನ್ ಸ್ಪೇಸ್’ ಎಂಬ ಹೆಸರೂ ಸೇರಿಕೊಂಡಿತು.

ಸರಣಿಯಲ್ಲಿ ಜಾನ್, ಮೊರೀನ್ ದಂಪತಿ, ಮಕ್ಕಳಾದ ಜೂಡಿ, ಪೆನಿ, ವಿಲ್ 1997ರಲ್ಲಿ ‘ಜುಪಿಟರ್ 2’ ನೌಕೆ ಹತ್ತಿ ಆಲ್ಫಾ ಸೆಂಟಾರಿ ಎಂಬ ನಕ್ಷತ್ರದ ಕಡೆ ಹೊರಡುತ್ತಾರೆ, ದಾರಿ ತಪ್ಪುತ್ತಾರೆ. ಸಮುದ್ರದ ಬದಲು ಬಾಹ್ಯಾಕಾಶ, ದ್ವೀಪದ ಬದಲು ಗ್ರಹ. ಇಲ್ಲಿಯವರೆಗೆ ಹೋಲಿಕೆ ಸಲೀಸು.

ನನಗೆ ಹೋಲಿಕೆಗಿಂತ ವ್ಯತ್ಯಾಸವೇ ರುಚಿ. ವೀಸ್‌ನ ಕಥೆಯಲ್ಲಿ ಖಳನಾಯಕನಿಲ್ಲ. ಬಿರುಗಾಳಿಯಲ್ಲಿ ನಾವಿಕರು ಇವರನ್ನು ಕೈಬಿಟ್ಟು ಹೋಗುತ್ತಾರೆ, ಅವರ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲವೂ ಅಪ್ಪನ ಪಾಠ: ಒಡೆದ ಹಡಗಿನಿಂದ ಸಾಮಾನು ತರುವುದು, ಮರದ ಮೇಲೆ ಮನೆ ಕಟ್ಟುವುದು, ಕಂಡ ಗಿಡಕ್ಕೂ ಪ್ರಾಣಿಗೂ ಹೆಸರು ಹೇಳುವುದು. ಪೆಂಗ್ವಿನ್, ಕಾಂಗರೂ ಎರಡೂ ಒಂದೇ ದ್ವೀಪದಲ್ಲಿ ಸಿಗುತ್ತವೆ. ಪಾದ್ರಿಗೆ ಭೂಗೋಳಕ್ಕಿಂತ ಪಾಠ ಮುಖ್ಯ. ಆ ಅಪ್ಪನಿಗೆ ತಿಳಿಯದ್ದು ಯಾವುದೂ ಇಲ್ಲ ಅನ್ನುವುದೇ ಇಂದಿನ ಓದುಗನಿಗೆ ಸ್ವಲ್ಪ ಬೇಸರ ತರುವ ಸಂಗತಿ.

ಟಿವಿಗೆ ಅದು ಸಾಲದು. ಪ್ರಸಾರವಾಗದ ಮೊದಲ ಪೈಲಟ್ (ಪ್ರಾಯೋಗಿಕ) ಕಂತಿನಲ್ಲಿ ಡಾಕ್ಟರ್ ಸ್ಮಿತ್ ಇರಲಿಲ್ಲ, ರೋಬಾಟ್ ಕೂಡ ಇರಲಿಲ್ಲ. ಆ ಕಂತು ಕಾದಂಬರಿಗೆ ಹೆಚ್ಚು ಹತ್ತಿರ. ನೌಕೆಯನ್ನು ಕೆಡಿಸಲು ಬಂದು ತಾನೇ ಒಳಗೆ ಸಿಕ್ಕಿಬಿದ್ದ ಸ್ಮಿತ್ ಆಮೇಲೆ ಸೇರಿದವನು. ಜೊನಾಥನ್ ಹ್ಯಾರಿಸ್ ಆ ಪಾತ್ರವನ್ನು ಎಷ್ಟು ಹಾಸ್ಯಮಯವಾಗಿ ಬೆಳೆಸಿದರೆಂದರೆ, ಎರಡನೇ ಸೀಸನ್ ಹೊತ್ತಿಗೆ ಅಪ್ಪ ಅಮ್ಮ ಮೂಲೆಗೆ ಸರಿದು, ಕಥೆ ವಿಲ್, ರೋಬಾಟ್, ಸ್ಮಿತ್ ಮೂವರ ಕೈಗೆ ಹೋಯಿತು. ವೀಸ್‌ನ ಸರ್ವಜ್ಞ ತಂದೆಯ ಜಾಗದಲ್ಲಿ ಹೇಡಿ, ಸುಳ್ಳುಗಾರ ಮುದುಕ! ಅಪಾಯ ಬಂದಾಗ ಹುಡುಗನನ್ನು ಎಚ್ಚರಿಸುವ ಕೆಲಸ ರೋಬಾಟ್‌ಗೆ.

ಕೊನೆಯೂ ಬೇರೆ. ಹತ್ತು ವರ್ಷದ ಮೇಲೆ ಇಂಗ್ಲಿಷ್ ಹಡಗು ಬಂದಾಗಲೂ ಕಾದಂಬರಿಯ ಅಪ್ಪ ಅಮ್ಮ ದ್ವೀಪ ಬಿಟ್ಟು ಹೊರಡುವುದಿಲ್ಲ. ಅದು ಅವರ ಮನೆಯಾಗಿಬಿಟ್ಟಿರುತ್ತದೆ. ಟಿವಿಯ ರಾಬಿನ್ಸನ್‌ರಿಗೆ ಆ ಆಯ್ಕೆಯೇ ಸಿಗಲಿಲ್ಲ: 83 ಕಂತುಗಳ ನಂತರ, 1968ರಲ್ಲಿ ಸರಣಿ ನಿಂತಾಗ, ಅವರು ಆಲ್ಫಾ ಸೆಂಟಾರಿಯನ್ನೂ ಮುಟ್ಟಿರಲಿಲ್ಲ, ಭೂಮಿಗೂ ಮರಳಿರಲಿಲ್ಲ.