ಜನ ಜಾಸ್ತಿ ಆಗಿದ್ದಕ್ಕೇ ಹಸಿವು ಅಲ್ವಾ?

ಓದುಗರ ಪ್ರಶ್ನೆ: "ಪ್ರಪಂಚದಲ್ಲಿ ಜನಸಂಖ್ಯೆ ವಿಪರೀತ ಆಗಿದೆ. ಬೆಳೆದದ್ದು ಸಾಲುತ್ತಿಲ್ಲ. ಅದಕ್ಕೇ ಇಷ್ಟು ಜನ ಹಸಿದಿದ್ದಾರೆ ಅಲ್ವಾ? ಇನ್ನೂ ಜಾಸ್ತಿ ಬೆಳೆದರೆ ಎಲ್ಲ ಸರಿಹೋಗುತ್ತಲ್ವಾ?"

ಅಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಹೀಗೆ "ಅಲ್ಲ" ಅಂದಿದ್ದೇನೋ ನನಗೇ ಲೆಕ್ಕವಿಲ್ಲ. ಪ್ರತಿ ವರ್ಷ ಅಕ್ಟೋಬರ್ 16ಕ್ಕೆ ವಿಶ್ವ ಆಹಾರ ದಿನ. ಶಾಲೆಗಳಲ್ಲಿ ಭಾಷಣ ಇರುತ್ತದೆ, ಚಿತ್ರ ಬರೆಯುವ ಸ್ಪರ್ಧೆ ಇರುತ್ತದೆ. ತೀರ್ಪು ಕೊಡಲು ಕೂತರೆ ಹತ್ತರಲ್ಲಿ ಎಂಟು ಚಿತ್ರ ಒಂದೇ ಥರ. ಒಂದು ಕಡೆ ಕಿಕ್ಕಿರಿದ ಜನ, ಇನ್ನೊಂದು ಕಡೆ ಒಂದೇ ಒಂದು ರೊಟ್ಟಿ. ಮಕ್ಕಳದ್ದೇನೂ ತಪ್ಪಿಲ್ಲ. ದೊಡ್ಡವರ ಬಾಯಲ್ಲಿ ಕೇಳಿದ್ದನ್ನೇ ಅವು ಬರೆಯುತ್ತವೆ. ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಮನೆಯಲ್ಲಿ ಸಿಕ್ಕವರು, ನನ್ನ ಜೊತೆ ಕೆಲಸ ಮಾಡಿದ ಮೇಷ್ಟ್ರುಗಳು, ಎಲ್ಲರದ್ದೂ ಅದೇ ಮಾತು. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಪೂರ್ತಿ ಓದಿ.

ಮೊದಲು ಲೆಕ್ಕ. ನಾನು ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಈ ಪಾಠ ಬಂದಾಗ ಮನೆಯಿಂದ ಒಂದು ಕಿಲೋ ಬಿಳಿಜೋಳ ತರುತ್ತಿದ್ದೆ. ಮೇಜಿನ ಮೇಲೆ ಪೇಪರ್ ಹಾಸಿ ಸುರಿಯುತ್ತಿದ್ದೆ. ಬೋರ್ಡಿನ ಮೇಲೆ ಭಾಗಾಕಾರ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 280 ಕೋಟಿ ಟನ್ ಅಕ್ಕಿ, ಗೋಧಿ, ಜೋಳದಂಥ ಧಾನ್ಯ ಬೆಳೆಯುತ್ತದೆ. ಜನ ಸುಮಾರು 800 ಕೋಟಿ. ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ 350 ಕಿಲೋ. ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ. ಎದೆಹಾಲು ಕುಡಿಯುವ ಕೂಸಿಗೂ ಅಷ್ಟೇ ಪಾಲು, ಹಲ್ಲಿಲ್ಲದ ಅಜ್ಜನಿಗೂ ಅಷ್ಟೇ ಪಾಲು. ಬೇಳೆ, ಶೇಂಗಾ, ತರಕಾರಿ, ಹಾಲು, ಮೊಟ್ಟೆ, ಮೀನು ಇದರಲ್ಲಿ ಸೇರಿಲ್ಲ. ಒಂದು ಕಿಲೋ ಹಿಟ್ಟು ಅಂದರೆ ಹತ್ತು ಹನ್ನೆರಡು ರೊಟ್ಟಿ. ಹೊಲದಲ್ಲಿ ದುಡಿದು ಬಂದವರಿಗೂ ಒಂದು ದಿನಕ್ಕೆ ಅಷ್ಟು ತಿಂದು ಮುಗಿಸುವುದು ಕಷ್ಟ.

ಒಂದು ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಆ ಜೋಳದ ರಾಶಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ನಿಂತು ಕೇಳಿದಳು, "ಟೀಚರ್, ಇದು ಪುಕ್ಕಟ ಕೊಡ್ತಾರೇನ್ರಿ, ಇಲ್ಲಾ ರೊಕ್ಕ ಕೊಡಬೇಕೇನ್ರಿ?"

ನನ್ನ ಇಡೀ ಸರ್ವೀಸಿನಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೆಮ್ಮೆ ಆಗುತ್ತದೆ. ಇಡೀ ಪಾಠ ಆ ಒಂದು ಮಾತಿನಲ್ಲಿ ಇದೆ. ಬೆಳೆದ ಧಾನ್ಯದಲ್ಲಿ ಮನುಷ್ಯರು ನೇರವಾಗಿ ತಿನ್ನುವುದು ಅರ್ಧಕ್ಕಿಂತ ಕಡಿಮೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೋಳಿ, ಹಂದಿ, ದನಗಳ ಮೇವಿಗೆ ಹೋಗುತ್ತದೆ. ಇನ್ನಷ್ಟು ಇಂಧನಕ್ಕೆ, ಬೀಜಕ್ಕೆ. ಯಾರ ಕೈಯಲ್ಲಿ ರೊಕ್ಕ ಇದೆಯೋ ಕಾಳು ಅವರ ಬಾಗಿಲಿಗೆ ಹೋಗುತ್ತದೆ. ಹಸಿದವನ ಹತ್ತಿರ ಹಸಿವು ಇದೆ, ರೊಕ್ಕ ಇಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ಬೇಳೆ, ಸೊಪ್ಪು, ಹಣ್ಣು, ಹಾಲು ಸೇರಿದ ಸರಿಯಾದ ಊಟವನ್ನು ಕೊಳ್ಳಲಾಗದವರು 260 ಕೋಟಿ.

"ಅದು ಈಗಿನ ಮಾತು, ಹಿಂದಿನ ಬರಗಾಲಗಳಲ್ಲಿ ನಿಜವಾಗಿಯೂ ಕಾಳು ಇರಲಿಲ್ಲ ಅಲ್ವಾ" ಅಂತ ಕೆಲವರು ಕೇಳುತ್ತಾರೆ. ಅದನ್ನೂ ನೋಡೋಣ.

1943ರ ಬಂಗಾಳ. ಸತ್ತವರು 20ರಿಂದ 30 ಲಕ್ಷ. ಆ ಬರಗಾಲ ನಡೆದಾಗ ಅಮರ್ತ್ಯ ಸೇನ್ ಇನ್ನೂ ಸಣ್ಣ ಹುಡುಗ, ಎಲ್ಲವನ್ನೂ ಕಣ್ಣಾರೆ ನೋಡಿದ್ದರು. ದೊಡ್ಡವರಾದ ಮೇಲೆ ಅರ್ಥಶಾಸ್ತ್ರಜ್ಞರಾಗಿ ಹಳೆಯ ಲೆಕ್ಕಗಳನ್ನು ತೆಗೆದು ಕೂತರು. 1981ರಲ್ಲಿ ಅವರು ತೋರಿಸಿದ್ದು ಇದು: 1943ರಲ್ಲಿ ಬಂಗಾಳದಲ್ಲಿದ್ದ ಅಕ್ಕಿ, 1941ರಲ್ಲಿ ಇದ್ದದ್ದಕ್ಕಿಂತ ಸುಮಾರು ಶೇ 13ರಷ್ಟು ಜಾಸ್ತಿಯೇ ಇತ್ತು. 1941ರಲ್ಲಿ ಬರಗಾಲ ಆಗಲಿಲ್ಲ, 1943ರಲ್ಲಿ ಆಯಿತು. ಆ ವರ್ಷ ಬೆಳೆ ಎಷ್ಟು ಹಾಳಾಯಿತು ಅನ್ನುವುದರ ಬಗ್ಗೆ ಪಂಡಿತರಲ್ಲಿ ಇನ್ನೂ ವಾದ ಇದೆ, ಇರಲಿ. ಬೆಲೆ ಏನಾಯಿತು ಅನ್ನುವುದರಲ್ಲಿ ವಾದವಿಲ್ಲ. ಕಲ್ಕತ್ತೆಯಲ್ಲಿ 1942ರ ಡಿಸೆಂಬರಿನಲ್ಲಿ ಒಂದು ಮಣ ಅಕ್ಕಿಗೆ 13-14 ರೂಪಾಯಿ ಇತ್ತು. 1943ರ ಆಗಸ್ಟಿಗೆ 37 ರೂಪಾಯಿ. ಎರಡನೇ ಮಹಾಯುದ್ಧದ ಖರ್ಚಿಗೆ ದುಡ್ಡು ಸುರಿದಿತ್ತು, ಜಪಾನಿನವರು ಹಿಡಿದುಕೊಂಡಿದ್ದ ಬರ್ಮಾದಿಂದ ಅಕ್ಕಿ ಬರುವುದು ನಿಂತಿತ್ತು, ವ್ಯಾಪಾರಿಗಳು ದಾಸ್ತಾನು ಮಾಡಿದ್ದರು. ಜಪಾನಿನವರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು. ದೋಣಿ ಹೋದ ಮೇಲೆ ಮೀನುಗಾರ ಏನು ಮಾರಬೇಕು? ಏನು ಕೊಳ್ಳಬೇಕು?

ಯಾರು ಸತ್ತರು ನೋಡಿ. ಕೂಲಿಯವರು, ಮೀನುಗಾರರು, ಕ್ಷೌರ ಮಾಡುವವರು. ಕ್ಷೌರದವರ ಕಥೆಯನ್ನು ನಾನು ಕ್ಲಾಸಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಅಕ್ಕಿ ತುಟ್ಟಿಯಾದರೆ ಜನ ಮೊದಲು ಏನು ಮುಂದೂಡುತ್ತಾರೆ? ಕೂದಲು ಕತ್ತರಿಸುವುದನ್ನು. ಇನ್ನೊಂದು ತಿಂಗಳು ಬಿಟ್ಟರಾಯಿತು ಅನ್ನುತ್ತಾರೆ. ಆ ಒಂದು ತಿಂಗಳಲ್ಲಿ ಕ್ಷೌರದವನ ಮನೆಯ ಒಲೆ ಆರುತ್ತದೆ. ಅವನ ಊರಿನಲ್ಲಿ ಮಳೆ ಬಂದಿರಬಹುದು, ಪಕ್ಕದ ಅಂಗಡಿಯಲ್ಲಿ ಅಕ್ಕಿ ಮೂಟೆ ಇರಬಹುದು. ಅವನ ಕತ್ತರಿಗೆ ಮಾತ್ರ ಬೆಲೆ ಉಳಿದಿಲ್ಲ.

ಇನ್ನೂ ಹಿಂದೆ ಹೋಗೋಣ. 1876ರಿಂದ 78ರವರೆಗೆ ಬಿದ್ದ ಬರ, ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅನ್ನುತ್ತಿದ್ದರು. ಮೈಸೂರು ಸಂಸ್ಥಾನದ ಜನಗಣತಿ ತೆಗೆದು ನೋಡಿ. 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷಕ್ಕಿಂತ ಕಡಿಮೆ. ಮಳೆ ಕೈಕೊಟ್ಟಿದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಆಗ ಇಡೀ ಪ್ರಪಂಚದಲ್ಲಿ 150 ಕೋಟಿ ಜನವೂ ಇರಲಿಲ್ಲ. ಜನ ಜಾಸ್ತಿ ಆಗಿದ್ದೇ ಕಾರಣವಾಗಿದ್ದರೆ ಈಗ, ಐದಾರು ಪಟ್ಟು ಜನ ಇರುವಾಗ, ಅದಕ್ಕಿಂತ ದೊಡ್ಡ ಬರಗಾಲಗಳು ಆಗಬೇಕಿತ್ತಲ್ಲ? ಆಗಿಲ್ಲ. ಬರಗಾಲದ ಸಾವು ಆಗಿಗಿಂತ ಎಷ್ಟೋ ಕಡಿಮೆಯಾಗಿದೆ.

ಈಗಿನದ್ದೇ ಬೇಕೆಂದರೆ ಸುಡಾನ್ ನೋಡಿ. ನಮ್ಮ ಕಡೆಯವರಿಗೆ ಸುಡಾನ್ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅವರೂ ಜೋಳ ತಿನ್ನುವವರು. ಜೋಳದ ಹಿಟ್ಟು ಕಲಸಿ, ಹುಳಿ ಬರಿಸಿ, ಕಾದ ಹಂಚಿನ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿ ಕಿಸ್ರಾ ಮಾಡುತ್ತಾರೆ. ನಮ್ಮ ಸಂಗಟಿಯಂಥದ್ದಕ್ಕೆ ಅಸೀದಾ ಅನ್ನುತ್ತಾರೆ. ಎರಡು ನೈಲ್ ನದಿಗಳ ನಡುವೆ ನೀರಾವರಿ ಇರುವ ದೊಡ್ಡ ಬಯಲು ಇದೆ, ಹೆಸರು ಗೆಜೀರಾ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಯುದ್ಧ ಶುರುವಾಯಿತು. 2024ರಲ್ಲಿ ಒಳ್ಳೆಯ ಮಳೆ ಬಂತು, ಹಿಂದಿನ ವರ್ಷಕ್ಕಿಂತ ಜೋಳ ಚೆನ್ನಾಗಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ದೇಶದ ಪಶ್ಚಿಮಕ್ಕಿರುವ ಡಾರ್ಫುರ್‌ನ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆಯೆಂದು ಅಂತಾರಾಷ್ಟ್ರೀಯ ತಜ್ಞರು ಹೇಳಬೇಕಾಯಿತು. ಪಕ್ಕದ ಎಲ್ ಫಾಶರ್ ಪಟ್ಟಣವನ್ನು ಅರೆಸೈನಿಕ ಪಡೆಯವರು ಸುಮಾರು ಒಂದೂವರೆ ವರ್ಷ ಮುತ್ತಿಗೆ ಹಾಕಿ ಕೂತರು. ಲಾರಿ ಒಳಗೆ ಬಿಡಲಿಲ್ಲ. ಊರ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದರು.

ಒಳಗಿದ್ದವರು ಏನು ತಿಂದರು ಗೊತ್ತಾ? ಅಂಬಾಝ್. ಅಂದರೆ ಶೇಂಗಾ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುತ್ತದಲ್ಲ, ನಾವು ನೀರಲ್ಲಿ ನೆನೆಸಿ ಎಮ್ಮೆಗೆ ಇಡುತ್ತೇವಲ್ಲ, ಅದೇ. ಕೊನೆಕೊನೆಗೆ ಅದೂ ಸಿಗದ ಹಾಗೆ ಆಯಿತು. ಅಲ್ಲಿ ಇನ್ನಷ್ಟು ಜೋಳ ಬೆಳೆದಿದ್ದರೆ ಆ ಗೋಡೆಯ ಒಳಗೆ ಯಾರ ಹೊಟ್ಟೆಗೆ ಹೋಗುತ್ತಿತ್ತು, ನೀವೇ ಹೇಳಿ.

ಹಾಗಂತ ಬೆಳೆಯುವುದು ಮುಖ್ಯವಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. 1966ರಲ್ಲಿ ನಾವು ಸುಮಾರು ಒಂದು ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿ ತಿಂದವರು. ಹೆಚ್ಚು ಬೆಳೆದದ್ದರಿಂದಲೇ ಆ ಪರಿಸ್ಥಿತಿ ದಾಟಿದೆವು. ಆದರೆ ಬೆಳೆದು ಗೋದಾಮಿಗೆ ಹಾಕಿದರೆ ಮುಗಿಯಿತೇ? 2001ರಲ್ಲಿ ಸರ್ಕಾರಿ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯ ತುಂಬಿತ್ತು, ಅದೇ ಹೊತ್ತಿಗೆ ರಾಜಸ್ಥಾನದಲ್ಲಿ ಜನ ಹಸಿದಿದ್ದರು. ಈ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ಕೋರ್ಟ್ ಹೇಳಿತು. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದದ್ದು ನಮ್ಮ ಈ ಕಡೆಯ ಏಳು ಜಿಲ್ಲೆಗಳಿಗೆ, ಅದರಲ್ಲಿ ರಾಯಚೂರೂ ಒಂದು. ಅದಕ್ಕೂ ಮುಂಚೆ ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಿ ಬೀಳುವ ಮಕ್ಕಳು ವಾರಕ್ಕೆ ಒಬ್ಬಿಬ್ಬರಾದರೂ ಇರುತ್ತಿದ್ದರು. ಎತ್ತಿ ನೆರಳಿಗೆ ಕೂರಿಸಿ ನೀರು ಕುಡಿಸುತ್ತಿದ್ದೆವು. ಬಿಸಿಯೂಟ ಬಂದ ಮೇಲೆ ಅದು ಕಡಿಮೆಯಾಯಿತು. ಊರಿನ ಹೊಲಗಳಲ್ಲಿ ಆ ವರ್ಷ ಹೊಸದಾಗಿ ಏನೂ ಜಾಸ್ತಿ ಬೆಳೆದಿರಲಿಲ್ಲ.

ತಟ್ಟೆಯಲ್ಲಿ ಅನ್ನ ಬಿಡುವ ಬಗ್ಗೆಯೂ ಕೇಳುತ್ತಾರೆ. 2022ರಲ್ಲಿ ಪ್ರಪಂಚದ ಮನೆ, ಹೋಟೆಲು, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್. ದಯವಿಟ್ಟು ಬಿಸಾಡಬೇಡಿ. ನೀರು, ಗೊಬ್ಬರ, ರೈತರ ಬೆವರು ಎಲ್ಲ ದಂಡ. ಆದರೆ ನೀವು ಉಳಿಸಿದ ತುತ್ತು ತಾನಾಗಿಯೇ ಎಲ್ ಫಾಶರ್‌ಗೆ ಹೋಗುವುದಿಲ್ಲ. ಮಕ್ಕಳಿಗೆ ಹಾಗೆ ಹೇಳಿ ಹೆದರಿಸಬೇಡಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ಇದನ್ನು ಯಾರೂ ಕೇಳುವುದಿಲ್ಲ. ಹಸಿದಿದ್ದಾರೆ ಅಂತ ಗೊತ್ತಾಗುವುದು ಹೇಗೆ? ನೋಡಿದರೆ ಗೊತ್ತಾಗುತ್ತದೆ ಅಂದುಕೊಂಡಿದ್ದೀರಿ. ಎಷ್ಟೋ ಸಲ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಅನ್ನ, ಸಾರಿನ ನೀರು ಅಷ್ಟೇ ತಿಂದು ಬೆಳೆದ ಮಗು ಅಳುವುದಿಲ್ಲ, ಸುಮ್ನೆ ಗಿಡ್ಡ ಇರುತ್ತದೆ. "ನಮ್ಮ ವಂಶವೇ ಹಾಗೆ" ಅಂತ ಮನೆಯವರು ಅನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಮೂರರಲ್ಲಿ ಒಂದು ಮಗು. ಎಲ್ಲರ ವಂಶವೂ ಗಿಡ್ಡವೇ?

ತೀರಾ ಸೊರಗಿದ ಮಗುವನ್ನು ಹುಡುಕಲು ತೋಳಿನ ಸುತ್ತಳತೆ ಅಳೆಯುವ ಒಂದು ಸಣ್ಣ ಪಟ್ಟಿ ಇದೆ. ಸುಡಾನಿನ ಶಿಬಿರದಲ್ಲೂ ಅದೇ, ನಮ್ಮ ತಾಲೂಕು ಆಸ್ಪತ್ರೆಯಲ್ಲೂ ಅದೇ. ಮಗುವಿನ ಎಡ ತೋಳನ್ನು ಸಡಿಲವಾಗಿ ಇಳಿಬಿಟ್ಟು, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಪಟ್ಟಿ ಸುತ್ತಬೇಕು. ಬಿಗಿಯಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ 12.5 ಸೆಂಟಿಮೀಟರ್ ಮತ್ತು ಮೇಲೆ ಬಂದರೆ ಹಸಿರು. 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಡುವೆ ಹಳದಿ. ಟೇಬಲ್ ಟೆನಿಸ್ ಚೆಂಡಿನ ಸುತ್ತಳತೆ ಸುಮಾರು 12.5 ಸೆಂಟಿಮೀಟರ್. ಆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿ. ಮಗುವಿನ ತೋಳು ಅದಕ್ಕಿಂತ ಸಣ್ಣಗೆ ಇದ್ದರೆ ಅಂದಾಜು ಮಾಡಿಕೊಳ್ಳಿ.

ಒಂದು ಸಲ ಮಕ್ಕಳಿಂದ ರಟ್ಟಿನ ಹಾಳೆ ಕತ್ತರಿಸಿ ಇಂಥ ಪಟ್ಟಿ ಮಾಡಿಸಿದೆ. ಮನೆಯಲ್ಲಿ ತಮ್ಮ ತಂಗಿಯರ ತೋಳು ಅಳೆದು ಬರೆದುಕೊಂಡು ಬನ್ನಿ ಅಂದೆ. ಜೋಳಕ್ಕೆ ರೊಕ್ಕ ಕೊಡಬೇಕಾ ಅಂತ ಕೇಳಿದ್ದ ಹುಡುಗಿಯೇ ಪಕ್ಕದ ಮನೆಯ ಕೂಸಿನ ಅಳತೆ ತಂದಳು. 11.2. ಅಂಗನವಾಡಿ ಟೀಚರನ್ನು ಕರೆದುಕೊಂಡು ಹೋಗಿ ಮತ್ತೆ ಅಳೆದೆವು. ಅಷ್ಟೇ ಬಂತು. ತಾಲೂಕು ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ವಾರ್ಡು ಇದೆ, ತಾಯಿ ಮಗು ಇಬ್ಬರೂ ಹದಿನಾಲ್ಕು ದಿನ ಇರಬೇಕು ಅಂತ ಹೇಳಿದೆವು. ಆ ತಾಯಿ ಊಟದ ಬಗ್ಗೆ ಕೇಳಲಿಲ್ಲ, ಔಷಧಿ ಬಗ್ಗೆ ಕೇಳಲಿಲ್ಲ. "ಹದಿನಾಲ್ಕು ದಿನದ ಕೂಲಿ ಯಾರು ಕೊಡ್ತಾರ್ರಿ?" ಅಂದಳು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನದ ಕೂಲಿಯನ್ನು ಸರ್ಕಾರವೇ ಕೊಡುತ್ತದೆ ಅಂತ ಅಂಗನವಾಡಿ ಟೀಚರ್ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ಕೂಸನ್ನು ಕಂಕುಳಿಗೆ ಎತ್ತಿಕೊಂಡು, ಸಂಜೆ ಬಸ್ಸಿಗೆ ನಮ್ಮ ಜೊತೆಗೇ ಹೊರಟಳು.