ಕರೆಂಟ್ ಬಿಲ್ಲಿನಿಂದ ಊರಿನ ಸೋಲಾರ್‌ವರೆಗೆ: ಗ್ರಾಹಕರ ದುಡ್ಡಿನ ಅನುದಾನ

ಗೆಳೆಯರೇ, ಈ ಟಿಪ್ಪಣಿ ಓದುವ ಮುಂಚೆ ಮನೆಯ ಕರೆಂಟ್ ಬಿಲ್ ಒಮ್ಮೆ ಕೈಗೆ ತಗೊಳ್ಳಿ. ನಿಗದಿತ ಶುಲ್ಕ, ಬಳಸಿದ ಯುನಿಟ್‌ಗಳ ಶುಲ್ಕ, ಇಂಧನ ಹೊಂದಾಣಿಕೆ, 9% ತೆರಿಗೆ. ನಾವು ಸಾಮಾನ್ಯವಾಗಿ ಕೊನೆಯ ಮೊತ್ತ ಮಾತ್ರ ನೋಡುತ್ತೇವೆ, ಅಲ್ವಾ? ನಮ್ಮ ಇಂದಿನ ವಿಷಯ ಇರುವುದು ಮಧ್ಯದ ಸಾಲುಗಳಲ್ಲಿ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಲೈಬ್ರರಿ, ಶಾಲೆ, ಅಗ್ನಿಶಾಮಕ ಠಾಣೆ, ಆಹಾರ ಹಂಚುವ ಕೇಂದ್ರಗಳ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಲು ಅನುದಾನ ಸಿಗುತ್ತದೆ. ಅನುದಾನ ಅಂದ ಕೂಡಲೇ ನಮಗೆ ಸರ್ಕಾರ ನೆನಪಾಗುತ್ತದೆ. ಆದರೆ ಇಲ್ಲಿ ದುಡ್ಡು ಬರುವುದು ಕರೆಂಟ್ ಬಳಸುವ ಜನರ ಬಿಲ್ಲಿನಿಂದ. ಕರೆಂಟ್ ಕಂಪನಿ ಚೆಕ್ ಕೊಡುತ್ತದೆ, ಫೋಟೋ ತೆಗೆಸಿಕೊಳ್ಳುತ್ತದೆ. ಚೆಕ್ಕಿನ ಹಿಂದೆ ಇರುವವರು ಸಾವಿರಾರು ಮನೆಯವರು. ಹಾಗಾಗಿ ಈ ವಿಷಯ ಓದುವಾಗ ನಾನು ಪ್ರತಿ ಯೋಜನೆಗೂ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕಟ್ಟಿದವರು ಯಾರು? ಪಡೆದವರು ಯಾರು?

ದುಡ್ಡು ಸೇರುವ ಬಗೆ ಮೂರು. ಎಲ್ಲರೂ ಕಟ್ಟಲೇಬೇಕಾದ ಶುಲ್ಕ ಒಂದು. ಇಷ್ಟವಿದ್ದವರು ಕಟ್ಟುವ ಹೆಚ್ಚುವರಿ ದುಡ್ಡು ಇನ್ನೊಂದು. ಮೂರನೆಯದು ಕಂಪನಿ ಮಾಡುವ ಒಂದು ಕೆಲಸಕ್ಕೆ ಶಾಸನಸಭೆ ಕಟ್ಟಿದ ಬೆಲೆ. ಮೊದಲ ಎರಡಕ್ಕೂ ಒರೆಗಾನ್ ರಾಜ್ಯ ಒಳ್ಳೆಯ ಉದಾಹರಣೆ. ಮೂರನೆಯದು ಮಿನ್ನೆಸೋಟದ ಕಥೆ.

ಒರೆಗಾನ್‌ನ 3%

ಒರೆಗಾನ್ 1999ರಲ್ಲಿ ಒಂದು ಕಾನೂನು ಮಾಡಿತು. ಅದರ ಪ್ರಕಾರ 2002ರ ಮಾರ್ಚ್‌ನಿಂದ ಎರಡು ದೊಡ್ಡ ಖಾಸಗಿ ಕಂಪನಿಗಳ ಗ್ರಾಹಕರ ಬಿಲ್ಲಿಗೆ 3% ಸೇರಿತು. ಪೋರ್ಟ್‌ಲ್ಯಾಂಡ್ ಜನರಲ್ ಎಲೆಕ್ಟ್ರಿಕ್ ಮತ್ತು ಪೆಸಿಫಿಕ್ ಪವರ್ ಆ ಎರಡು ಕಂಪನಿಗಳು. ಶುಲ್ಕದ ಹೆಸರು ಸಾರ್ವಜನಿಕ ಉದ್ದೇಶದ ಶುಲ್ಕ. ಆ ದುಡ್ಡಿನ ದೊಡ್ಡ ಪಾಲನ್ನು ಖರ್ಚು ಮಾಡಲು ಎನರ್ಜಿ ಟ್ರಸ್ಟ್ ಆಫ್ ಒರೆಗಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಕರೆಂಟ್ ಮಾರುವ ಕಂಪನಿಗೇ ಕರೆಂಟ್ ಉಳಿಸುವ ಕೆಲಸ ಒಪ್ಪಿಸದೆ ಬೇರೆಯವರ ಕೈಗೆ ಕೊಟ್ಟಿದ್ದು ಜಾಣತನ ಅಂತ ನನಗೆ ಅನಿಸುತ್ತದೆ.

ಹಂಚಿಕೆಯನ್ನು ಒಂದು ಬಿಲ್ಲಿನ ಮೇಲೆ ಲೆಕ್ಕ ಹಾಕೋಣ. ಪೆನ್ನು ಹಿಡಿದು ಜೊತೆಗೇ ಬರೆಯಿರಿ. ಬಿಲ್ 100 ಡಾಲರ್ ಅಂತ ಇಟ್ಟುಕೊಳ್ಳಿ. 3% ಅಂದರೆ 3 ಡಾಲರ್. ಅದರಲ್ಲಿ ಮೊದಲ 10%, ಅಂದರೆ 30 ಸೆಂಟ್, ಶಾಲೆಗಳ ಇಂಧನ ಉಳಿತಾಯದ ಕೆಲಸಕ್ಕೆ. ಉಳಿದಿದ್ದು 2.70 ಡಾಲರ್. ಇದನ್ನು ಮತ್ತೆ ನಾಲ್ಕು ಪಾಲು ಮಾಡಬೇಕು. 63% ಕರೆಂಟ್ ಉಳಿಸುವ ಯೋಜನೆಗಳಿಗೆ, ಅದು 1.70 ಡಾಲರ್. 19% ನವೀಕರಿಸಬಹುದಾದ ಇಂಧನಕ್ಕೆ, ಅದು 51 ಸೆಂಟ್. 13% ಬಡವರ ಮನೆಗೆ ಚಳಿಗಾಳಿ ನುಗ್ಗದಂತೆ ದುರಸ್ತಿ ಮಾಡಲು, 35 ಸೆಂಟ್. 5% ಬಡವರ ವಸತಿಗೆ, ಹದಿಮೂರೂವರೆ ಸೆಂಟ್.

ಇಲ್ಲಿ ಎಷ್ಟೋ ಜನ ಎಡವುತ್ತಾರೆ. 19% ಅನ್ನುವುದು ಪೂರ್ತಿ 3 ಡಾಲರಿನ ಮೇಲಲ್ಲ, ಶಾಲೆಯ ಪಾಲು ತೆಗೆದ ಮೇಲೆ ಉಳಿದ ದುಡ್ಡಿನ ಮೇಲೆ. ಒಟ್ಟು ಶುಲ್ಕದಲ್ಲಿ ಅದು 17.1% ಆಗುತ್ತದೆ. ತಿಂಗಳಿಗೆ 51 ಸೆಂಟ್ ಏನು ಮಹಾ ಅನ್ನಬೇಡಿ. ಒಂದು ಲಕ್ಷ ಮನೆಗಳು ಹೀಗೇ ಕಟ್ಟಿದರೆ ವರ್ಷಕ್ಕೆ 6 ಲಕ್ಷ ಡಾಲರ್ ದಾಟುತ್ತದೆ.

ಈ ಲೆಕ್ಕ 2021ರವರೆಗಿನದು. ಆ ವರ್ಷ ಬಂದ ಹೊಸ ಕಾನೂನು ಶುಲ್ಕವನ್ನು 1.5%ಗೆ ಇಳಿಸಿತು, ಕರೆಂಟ್ ಉಳಿತಾಯದ ಖರ್ಚನ್ನು ಮಾಮೂಲಿ ದರದೊಳಕ್ಕೆ ಸೇರಿಸಿತು. ಜೊತೆಗೆ ನವೀಕರಿಸಬಹುದಾದ ಇಂಧನದ ದುಡ್ಡಿನಲ್ಲಿ ಕನಿಷ್ಠ 25% ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಹೋಗಬೇಕು ಎಂದಿತು. ಈ ಷರತ್ತು ಯಾಕೆ ಬೇಕಾಯಿತು? ಬಾಡಿಗೆ ಮನೆಯಲ್ಲಿ ಇರುವವರನ್ನು ಯೋಚಿಸಿ. ಬಿಲ್ಲಿನ ಶುಲ್ಕ ಅವರಿಗೆ ತಪ್ಪುವುದಿಲ್ಲ. ಆದರೆ ಮಾಡು ಅವರದಲ್ಲ, ಪ್ಯಾನೆಲ್ ಹಾಕಿಸುವಂತಿಲ್ಲ. ಸ್ವಂತ ಮನೆ ಇದ್ದವರು ಪ್ಯಾನೆಲ್‌ಗೆ ಸಹಾಯಧನ ಪಡೆದಾಗ ಅದರಲ್ಲಿ ಬಾಡಿಗೆದಾರರ ದುಡ್ಡೂ ಇರುತ್ತದೆ. ಊರಿನ ಲೈಬ್ರರಿಗೆ, ಶಾಲೆಗೆ ಅನುದಾನ ಕೊಡುವುದನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ. ಆ ಬಾಗಿಲೊಳಗೆ ಬಾಡಿಗೆದಾರರೂ ಹೋಗುತ್ತಾರೆ.

ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಬೀಳುವ ಖರ್ಚು

ಎನರ್ಜಿ ಟ್ರಸ್ಟ್ ಸುಮ್ನೆ ಯೋಜನೆಯ ಪೂರ್ತಿ ಖರ್ಚು ಕೊಟ್ಟುಬಿಡುವಂತಿಲ್ಲ. ನವೀಕರಿಸಬಹುದಾದ ಇಂಧನದ ಯೋಜನೆಗೆ ಕರೆಂಟಿನ ಮಾರುಕಟ್ಟೆ ಬೆಲೆಗಿಂತ ಎಷ್ಟು ಜಾಸ್ತಿ ಬೀಳುತ್ತದೋ ಅಷ್ಟಕ್ಕೆ ಮಾತ್ರ ಕೊಡಬಹುದು ಎನ್ನುತ್ತದೆ ಕಾನೂನು. ಕಾಲ್ಪನಿಕ ಲೈಬ್ರರಿಯೊಂದನ್ನು ತಗೊಳ್ಳೋಣ. ಪ್ಯಾನೆಲ್‌ಗೆ 1,00,000 ಡಾಲರ್ ಬೇಕು. ಪ್ಯಾನೆಲ್ ಬಾಳುವಷ್ಟು ವರ್ಷ ಉಳಿಯುವ ಕರೆಂಟಿನ ಬೆಲೆ ಇವತ್ತಿನ ಲೆಕ್ಕದಲ್ಲಿ 70,000 ಡಾಲರ್. ವ್ಯತ್ಯಾಸ 30,000. ಟ್ರಸ್ಟ್ ಕೊಡಬಹುದಾದ ಗರಿಷ್ಠ ಮೊತ್ತ ಅದು. ಪ್ಯಾನೆಲ್ ಅಗ್ಗವಾದಷ್ಟೂ ಈ ವ್ಯತ್ಯಾಸ ಕುಗ್ಗುತ್ತದೆ, ಅನುದಾನವೂ ಕುಗ್ಗುತ್ತದೆ.

ಇನ್ನೊಂದು ತೊಡಕು ಇದೆ. ಸೋಲಾರ್ ಹಾಕಿಸಿದವರಿಗೆ ಅಮೆರಿಕದ ಕೇಂದ್ರ ಸರ್ಕಾರ ಖರ್ಚಿನ 30%ರಷ್ಟು ತೆರಿಗೆ ರಿಯಾಯಿತಿ ಕೊಡುತ್ತಿತ್ತು. ಆದರೆ ಲೈಬ್ರರಿ, ಶಾಲೆ, ಧರ್ಮಾರ್ಥ ಸಂಸ್ಥೆಗಳು ತೆರಿಗೆಯನ್ನೇ ಕಟ್ಟುವುದಿಲ್ಲ. ಕಟ್ಟದ ತೆರಿಗೆಯಲ್ಲಿ ರಿಯಾಯಿತಿ ಎಲ್ಲಿಂದ ಬರಬೇಕು? ಲಾಭ ಮಾಡುವ ಅಂಗಡಿಗೆ ಸಿಕ್ಕಿದ್ದು ಊರಿನ ಲೈಬ್ರರಿಗೆ ಸಿಗಲಿಲ್ಲ. ಆ ರಿಯಾಯಿತಿಯನ್ನು ಇಂಥ ಸಂಸ್ಥೆಗಳಿಗೆ ನೇರ ದುಡ್ಡಾಗಿ ಕೊಡುವ ದಾರಿ ತೆರೆದದ್ದು 2022ರ ಹಣದುಬ್ಬರ ಇಳಿಕೆ ಕಾಯ್ದೆ. ಅಲ್ಲಿಯವರೆಗೆ ಗ್ರಾಹಕರ ದುಡ್ಡಿನ ಅನುದಾನಗಳು ಈ ಸಂಸ್ಥೆಗಳಿಗೆ ಅಷ್ಟು ಮುಖ್ಯವಾಗಿದ್ದವು ಅಂದರೆ ಅದಕ್ಕೆ ಕಾರಣ ಇದೇ.

ಬ್ಲೂ ಸ್ಕೈ

ಇನ್ನು ಎರಡನೆಯ ಬಗೆ, ಇಷ್ಟವಿದ್ದವರು ಕಟ್ಟುವ ದುಡ್ಡು. ಪೆಸಿಫಿಕ್ ಪವರ್ ಕಂಪನಿಯ ಬ್ಲೂ ಸ್ಕೈ ಯೋಜನೆ ಶುರುವಾಗಿದ್ದು 2000ರಲ್ಲಿ. ಇದೇ ಬಳಗದ ರಾಕಿ ಮೌಂಟನ್ ಪವರ್ ಯೂಟಾ, ವಯೋಮಿಂಗ್, ಐಡಹೊದಲ್ಲಿ ಇದನ್ನು ನಡೆಸುತ್ತದೆ. ಗ್ರಾಹಕರು ಬ್ಲಾಕ್ ಲೆಕ್ಕದಲ್ಲಿ ಸೇರಬಹುದು. ಒಂದು ಬ್ಲಾಕ್ ಅಂದರೆ 100 ಯುನಿಟ್, ಬೆಲೆ ಬಹಳ ಕಾಲ 1.95 ಡಾಲರ್. ತಿಂಗಳಿಗೆ 3 ಬ್ಲಾಕ್ ತಗೊಂಡರೆ ಬಿಲ್ಲಿನ ಮೇಲೆ 5.85 ಡಾಲರ್ ಜಾಸ್ತಿ. ಬೇಡ ಅನಿಸಿದರೆ ಬಿಡಬಹುದು.

ಈ ದುಡ್ಡಿನಲ್ಲಿ ಕಂಪನಿ ಮೊದಲು ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ ಕೊಳ್ಳುತ್ತದೆ. ಒಂದು ಪ್ರಮಾಣಪತ್ರ ಅಂದರೆ ಗಾಳಿಯಿಂದಲೋ ಬಿಸಿಲಿನಿಂದಲೋ 1,000 ಯುನಿಟ್ ಕರೆಂಟ್ ತಯಾರಾಯಿತು ಎಂಬ ರಸೀದಿ. 10 ಬ್ಲಾಕ್ ಸೇರಿದರೆ ಒಂದು ರಸೀದಿ. ರಸೀದಿ ಕೊಂಡು, ಯೋಜನೆ ನಡೆಸುವ ಖರ್ಚು ಕಳೆದು ಮಿಕ್ಕಿದ್ದರಲ್ಲಿ ಊರಿನ ಯೋಜನೆಗಳಿಗೆ ಅನುದಾನ. ಅರ್ಜಿ ಹಾಕುವವರು ಆ ಕಂಪನಿಯ ಗ್ರಾಹಕರ ಪ್ರದೇಶದಲ್ಲೇ ಇರಬೇಕು.

ನನಗೆ ಹೆಚ್ಚು ಬೆಲೆಯದು ಅನಿಸುವುದು ರಸೀದಿಗಿಂತ ಅನುದಾನವೇ. ರಸೀದಿ ಕೊಂಡರೆ ಎಲ್ಲೋ ದೂರದಲ್ಲಿ ಆಗಲೇ ತಿರುಗುತ್ತಿರುವ ಗಾಳಿಯಂತ್ರಕ್ಕೆ ಸ್ವಲ್ಪ ಆದಾಯ. ಅನುದಾನದಿಂದ ಊರಿನ ಅಗ್ನಿಶಾಮಕ ಠಾಣೆಯ ಮೇಲೆ ನಿನ್ನೆ ಇಲ್ಲದ ಪ್ಯಾನೆಲ್ ಇವತ್ತು ಬರುತ್ತದೆ. ಜೊತೆಗೆ ಬ್ಯಾಟರಿ ಇಟ್ಟರೆ ಕಾಡ್ಗಿಚ್ಚಿನಿಂದ ಲೈನ್ ಸತ್ತಾಗಲೂ ಠಾಣೆಯ ದೀಪ ಉರಿಯುತ್ತದೆ. ಈ ದುಡ್ಡು ಇಲ್ಲದಿದ್ದರೂ ಇದು ಆಗುತ್ತಿತ್ತಾ? ಇಂಥ ಯಾವ ಯೋಜನೆ ಓದಿದರೂ ಅಂಚಿನಲ್ಲಿ ಈ ಪ್ರಶ್ನೆ ಬರೆದಿಟ್ಟುಕೊಳ್ಳಿ.

ನಮ್ಮಲ್ಲಿ ಹೀಗೆ ಯೋಚನೆಯೇ ಬಂದಿರಲಿಲ್ಲ ಅಂತಲ್ಲ. ಕರ್ನಾಟಕದ 2009-14ರ ನವೀಕರಿಸಬಹುದಾದ ಇಂಧನ ನೀತಿಯಲ್ಲಿ ಅಕ್ಷಯ ಶಕ್ತಿ ನಿಧಿಯ ಪ್ರಸ್ತಾಪ ಇತ್ತು. ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಂದ ಯುನಿಟ್‌ಗೆ 5 ಪೈಸೆ ಹಸಿರು ಸೆಸ್ ಎತ್ತಿ ನಿಧಿ ಕಟ್ಟುವುದು ಅದರ ಆಲೋಚನೆ. ಒರೆಗಾನ್ ಜೊತೆ ಹೋಲಿಸಿ ನೋಡಿ. ಅಲ್ಲಿ ಮನೆಯವರೂ ಕಟ್ಟುತ್ತಾರೆ, ಇಲ್ಲಿನ ಪ್ರಸ್ತಾಪದಲ್ಲಿ ಮನೆಗಳನ್ನು ಬಿಟ್ಟಿದ್ದರು. ಅಲ್ಲಿ ಬಿಲ್ಲಿನ ಮೊತ್ತದ ಮೇಲೆ ಶೇಕಡಾವಾರು, ಇಲ್ಲಿ ಯುನಿಟ್ ಮೇಲೆ ಪೈಸೆ. ದರ ಏರಿದಾಗ ಮೊದಲನೆಯದು ತಾನಾಗಿ ಏರುತ್ತದೆ, ಎರಡನೆಯದು ಹಾಗೇ ನಿಲ್ಲುತ್ತದೆ.

ಮಿನ್ನೆಸೋಟದ ಉಕ್ಕಿನ ಪೀಪಾಯಿಗಳು

ಇದನ್ನು ನಿಧಾನವಾಗಿ ಓದಿ. ಮಿಸಿಸಿಪ್ಪಿ ನದಿಯ ದಡದಲ್ಲಿ ರೆಡ್ ವಿಂಗ್ ಊರಿನ ಹತ್ತಿರ ಪ್ರೇರಿ ಐಲ್ಯಾಂಡ್ ಎಂಬ ಜಾಗ ಇದೆ. ಡಕೋಟಾ ಮೂಲನಿವಾಸಿಗಳ ಒಂದು ಸಮುದಾಯದ ನೆಲ ಅದು. ಅವರ ಮನೆಗಳ ಪಕ್ಕದಲ್ಲೇ 1973ರಲ್ಲಿ ಅಣು ವಿದ್ಯುತ್ ಸ್ಥಾವರ ಕೆಲಸ ಶುರು ಮಾಡಿತು. ಉರಿದು ಮುಗಿದ ಇಂಧನವನ್ನು ಸ್ಥಾವರದ ಒಳಗೆ ನೀರಿನ ಕೊಳದಲ್ಲಿ ಇಡುತ್ತಿದ್ದರು. ಕೊಳದಲ್ಲಿ ಜಾಗ ಮುಗಿಯುತ್ತಾ ಬಂತು. ಕೇಂದ್ರ ಸರ್ಕಾರ ತಗೊಂಡು ಹೋಗಬೇಕಿತ್ತು, ಹೋಗಲಿಲ್ಲ. ಕಂಪನಿ ದಪ್ಪ ಉಕ್ಕಿನ ಪೀಪಾಯಿಗಳಲ್ಲಿ ತುಂಬಿ ಹೊರಗೆ ಬಯಲಿನಲ್ಲಿ ನಿಲ್ಲಿಸಲು ಅನುಮತಿ ಕೇಳಿತು.

1994ರಲ್ಲಿ ರಾಜ್ಯದ ಶಾಸನಸಭೆ 17 ಪೀಪಾಯಿಗಳಿಗೆ ಒಪ್ಪಿತು. ಬದಲಿಗೆ ಕಂಪನಿ ಗಾಳಿ ವಿದ್ಯುತ್ತನ್ನೂ, ಮರ, ಬೆಳೆಯಂಥ ಸಸ್ಯವಸ್ತುಗಳಿಂದ ಮಾಡುವ ವಿದ್ಯುತ್ತನ್ನೂ (ಬಯೋಮಾಸ್) ತಗೊಳ್ಳಬೇಕು ಎಂದಿತು. ಅಷ್ಟೇ ಅಲ್ಲ, 1999ರಿಂದ ಪ್ರತಿ ಪೀಪಾಯಿಗೆ ವರ್ಷಕ್ಕೆ 5 ಲಕ್ಷ ಡಾಲರ್ ಒಂದು ನಿಧಿಗೆ ಹಾಕಬೇಕು. ಅದೇ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಧಿ. ಆಗಿನ ನಾರ್ದರ್ನ್ ಸ್ಟೇಟ್ಸ್ ಪವರ್ ಕಂಪನಿಯೇ ಈಗಿನ ಎಕ್ಸೆಲ್ ಎನರ್ಜಿ. ಮುಂದೆ ಮಾಂಟಿಸೆಲೊ ಸ್ಥಾವರದ ಪೀಪಾಯಿಗಳಿಗೂ ತಲಾ 3.5 ಲಕ್ಷ ಡಾಲರ್ ಗೊತ್ತಾಯಿತು.

ಸರಿ, ಕಟ್ಟಿದವರು ಯಾರು? ಕಾನೂನಿನಲ್ಲಿ ಕಂಪನಿ. ಲೆಕ್ಕದಲ್ಲಿ ಗ್ರಾಹಕರು. ಈ ಖರ್ಚನ್ನು ಕಂಪನಿ ಬಿಲ್ಲಿನಲ್ಲಿ ಯುನಿಟ್‌ಗೆ ಇಷ್ಟು ಅಂತ ಸೇರಿಸಿ ವಸೂಲಿ ಮಾಡುತ್ತದೆ. ಕಂಪನಿಗೆ ಬಿದ್ದ ದಂಡ ಅಂತ ಬರೆದರೆ ಉತ್ತರ ತಪ್ಪು.

ಪಡೆದವರು? ವಿಶ್ವವಿದ್ಯಾಲಯಗಳ ಸಂಶೋಧನೆ, ಗಾಳಿ ಯೋಜನೆಗಳು, ಸಾರ್ವಜನಿಕ ಕಟ್ಟಡಗಳ ಸೋಲಾರ್. ಮಿನಿಯಾಪೊಲಿಸ್ ನಗರದ ಸಮಾವೇಶ ಭವನದ ಮೇಲೆ 2010ರಲ್ಲಿ 600 ಕಿಲೋವ್ಯಾಟ್‌ನ ಪ್ಯಾನೆಲ್‌ಗಳು ಬಂದವು. ಅದಕ್ಕೆ ಈ ನಿಧಿಯಿಂದ 20 ಲಕ್ಷ ಡಾಲರ್ ಹೋಯಿತು. ಒಳ್ಳೆಯ ಕೆಲಸವೇ. ಆದರೆ ಪೀಪಾಯಿಗಳು ನಿಂತಿರುವುದು ಮಿನಿಯಾಪೊಲಿಸ್‌ನಲ್ಲಲ್ಲ. ಇದನ್ನು ಓದುವಾಗ ಮನಸ್ಸಿಗೆ ಬೇಜಾರಾಗುತ್ತದೆ. ಯಾರ ಅಂಗಳದಲ್ಲಿ ಅಪಾಯ ಇಟ್ಟು ನಿಧಿ ಹುಟ್ಟಿತೋ ಅವರಿಗೆ ಮೊದಲ ಹಕ್ಕು ಇರಬೇಕಿತ್ತು.

2017ರಲ್ಲಿ ನಿಧಿಯ ಉಸ್ತುವಾರಿ ಬದಲಾಯಿತು. ದುಡ್ಡು ರಾಜ್ಯದ ಖಾತೆಗೆ ಹೋಯಿತು, ಯಾರಿಗೆ ಎಷ್ಟು ಅನ್ನುವುದು ಶಾಸನಸಭೆಯ ಕೈಗೆ ಬಂತು. 2020ರಲ್ಲಿ ಅದೇ ಸಭೆ ಪ್ರೇರಿ ಐಲ್ಯಾಂಡ್ ಸಮುದಾಯಕ್ಕೆ 4.6 ಕೋಟಿ ಡಾಲರ್ ಮಂಜೂರು ಮಾಡಿತು. ತಮ್ಮ ಕಟ್ಟಡ ಮತ್ತು ಮನೆಗಳ ಇಂಧನ ಬಳಕೆಯಿಂದ ಆಗುವ ಇಂಗಾಲದ ಹೊರೆಯನ್ನು ಸೊನ್ನೆಗೆ ಇಳಿಸುವುದು ಅವರ ಯೋಜನೆ. 1994ರ ಕಾನೂನಿನಿಂದ ಈ ಮಂಜೂರಾತಿಗೆ 26 ವರ್ಷ. ಪೀಪಾಯಿಗಳು ಈಗಲೂ ಅಲ್ಲೇ ಇವೆ.